ಮಿಲ್ಲಿನಣ್ಣನ ಕೆಂಪು

ಮಿಲ್ಲಿನಣ್ಣನ ಹುಬ್ಬು, ಕಿವಿಯ ಕೂದಲು, ಅಂಗಿಯ ಹೊಲಿಗೆ, ಎಲ್ಲೆಲ್ಲೂ ಮೆಣಸಿನ ಹುಡಿ ಕೂತಿರುತ್ತಿತ್ತು. ಬಂದ್ಯೋಡಿನಲ್ಲಿ ಅವರ ಹುಡಿ ಮಿಲ್ಲಿನ ಎದುರು ಬಸ್ಸಿಳಿದವರು ಸೀನುತ್ತಲೇ ಪೇಟೆಗೆ ಕಾಲಿಡುತ್ತಿದ್ದರು. ಮೆಣಸು ಹುಡಿಯಾದ ಕೂಡಲೇ ಅಣ್ಣ ಅಂಗೈಗೆ ಒಂದು ಚಿಟಿಕೆ ಹಾಕಿಕೊಂಡು ಹೊರಗೆ ಬಿಸಿಲಲ್ಲಿ ನೋಡಬೇಕು. ಆಮೇಲೆಯೇ ಡಬ್ಬಿ ನಮ್ಮ ಕೈಗೆ. "ಖಾರ ನಾಲಿಗೆಗಾಯ್ತು, ಕಣ್ಣಿಗೆ ಎಂತದೂ ಬೇಡವಾ?" ಎನ್ನುತ್ತಿದ್ದರು. ಇಟ್ಟಿಗೆ ಕೆಂಪು, ದಾಸವಾಳದ ಕೆಂಪು, ಕುಚ್ಚಲಕ್ಕಿಯ ಕೆಂಪು ಎಂದು ನನಗೆ ಬೇರೆ ಬೇರೆ ಮಾಡಿ ತೋರಿಸಿದವರು ಅವರೇ.

ಒಂದು ಬೇಸಿಗೆಯಲ್ಲಿ ಅವರಿಗೆ ಯಾರ ಮೆಣಸೂ ಹಿಡಿಸದಾಯಿತು.

"ಹಳತು ಮೆಣಸು ತಂದದ್ದಾ ತಂಗಿ? ಬಣ್ಣವೇ ಇಲ್ಲ."

"ಮೊನ್ನೆ ತಂದು ನಾನೇ ಒಣಗಿಸಿದ್ದು ಮಾರಾಯ್ರೆ. ಸರಿ ನೋಡಿ."

ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೆಲವರು ಮುನಿಸಿಕೊಂಡು ಕುಂಬಳೆಯ ಮಿಲ್ಲಿಗೆ ಹೋದರು. ಅಣ್ಣನಿಗೆ ಆಗ ಕೆಮ್ಮೂ ಇತ್ತು. ಮೆಣಸು ಹುಡಿ ಮಾಡುವವರಿಗೆ ಕೆಮ್ಮಿಲ್ಲದೆ ಉಂಟೇ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಕೊನೆಗೆ ಅಣ್ಣ ಮಂಗಳೂರಿಗೆ ಹೋದಾಗ ಅಲ್ಲಿನ ಕಣ್ಣಿನ ಡಾಕ್ಟರು ಬಾಟಲಿಯ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿದರಂತೆ. ಎಡಗಣ್ಣಿಗೆ ಮಾಸಿದ ಕಾವಿ, ಬಲಗಣ್ಣಿಗೆ ಬೂದಿ. ಕಾಯಿಲೆಯ ಹೆಸರು ಸಾರ್ಕಾಯ್ಡೋಸಿಸ್. ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿ, ಕಣ್ಣಿನ ನರವನ್ನೂ ಹಿಡಿದಿತ್ತು.

"ಮೆಣಸಿನದ್ದು ತಪ್ಪಲ್ಲ ತಂಗಿ," ಎಂದರು ಊರಿಗೆ ಬಂದು. "ಎಲ್ಲರಿಗೂ ಹೇಳು."

ಸ್ಟಿರಾಯ್ಡ್ ಮಾತ್ರೆಗೆ ಕೆಂಪು ಮರಳಿ ಬಂತು. ಮುಖ ಊದಿತು, ಸಕ್ಕರೆ ಕಾಯಿಲೆ ಅಂಟಿತು, ಆದರೂ ಅವರಿಗೆ ಖುಷಿ. ನನ್ನ ಹುಡಿಯನ್ನು ಬಿಸಿಲಿಗೆ ಹಿಡಿದು "ದಾಸವಾಳ" ಎಂದರು. ಡಾಕ್ಟರು ಮಾತ್ರೆ ಕಡಿಮೆ ಮಾಡಿದಾಗ ಮತ್ತೆ ಮಸುಕು. ಪುನಃ ಹೆಚ್ಚಿಸಿದರು, ಬೇರೆ ಮದ್ದು ಕೊಟ್ಟರು, ಹೋದದ್ದು ಬರಲಿಲ್ಲ. ನರ ಒಣಗಿದೆ, ಇನ್ನು ಆಸೆ ಬೇಡ ಎಂದುಬಿಟ್ಟರು. ಮಿಲ್ಲಿಗೆ ಬೀಗ ಬಿತ್ತು. ದೇವರ ಮೇಲೆ ಅಂದು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೊನ್ನೆ ಕುಂಬಳೆಯಲ್ಲಿ ಹುಡಿ ಮಾಡಿಸಿಕೊಂಡು ಬರುವಾಗ ಅವರ ಮನೆಗೆ ಹೋದೆ. ವಾಸನೆ ಹಿಡಿದು ಕೈ ಚಾಚಿದರು. ಒಂದು ಚಿಟಿಕೆ ಹಾಕಿದೆ. ಗೋಡೆ ತಡವುತ್ತಾ ಅಂಗಳದ ಬಿಸಿಲಿಗೆ ನಡೆದು ಅಂಗೈ ಮೇಲೆ ಬಗ್ಗಿದರು. ಅಭ್ಯಾಸ ಬಿಡಬೇಕಲ್ಲ.

"ಬಣ್ಣ ಹೇಗುಂಟು ತಂಗಿ?"

"ಕೆಂಪುಂಟು ಅಣ್ಣ."

"ಎಂತ ಕೆಂಪು?"

ಅವರೇ ಕಲಿಸಿದ ಹೆಸರುಗಳೆಲ್ಲ ಗೊತ್ತಿದ್ದವು. ಅಳು ಒತ್ತಿಕೊಂಡು ಬಂದು ಒಂದೂ ಬಾಯಿಗೆ ಬರಲಿಲ್ಲ. ಅವರು ನನ್ನ ಡಬ್ಬಿಯನ್ನು ತಡವಿ ಹುಡುಕಿ, ಅಂಗೈಯನ್ನು ಅದರೊಳಗೆ ಕೊಡವಿದರು.

"ಇರ್ಲಿ. ಸಾರಿಗೆ ಸಾಕು."