ಹಕ್ಕಿಯ ಕಣ್ಣಂಚಿನ ಉಣ್ಣಿ

ಕೆರೆಯಂಚಿನ ಪೊದೆಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟಿ, ಸಿಕ್ಕಿಬಿದ್ದ ಹಕ್ಕಿಗಳನ್ನು ನೋವಾಗದಂತೆ ಬಿಡಿಸುವುದು ಅವಳ ಕೆಲಸ. ಜೊತೆಯವರು ಅವಳನ್ನು ಬಲೆಯಕ್ಕ ಎನ್ನುತ್ತಿದ್ದರು. ಗುರುತಿಗೆಂದು ಕಾಲಿಗೆ ಉಂಗುರ ತೊಡಿಸಿದ ಮೇಲೆ ಹಕ್ಕಿಯ ಕಣ್ಣಂಚು, ಕೊಕ್ಕಿನ ಬುಡಗಳನ್ನು ಊದಿ ನೋಡುತ್ತಿದ್ದಳು. ಅಲ್ಲಿ ರಕ್ತ ಹೀರಿ ಉಬ್ಬಿದ ಉಣ್ಣಿ ಕಂಡರೆ ಚಿಮುಟದಿಂದ ಕಿತ್ತು ಸೀಸೆಗೆ ಹಾಕುವಳು. ದೂರದಿಂದ ಹಾರಿಬರುವ ಹಕ್ಕಿಗಳ ಮೈಮೇಲೆ ಯಾವ ರೋಗಾಣು ಸವಾರಿ ಬರುತ್ತದೆಂದು ಪ್ರಯೋಗಾಲಯದವರು ಆ ಉಣ್ಣಿಗಳಲ್ಲಿ ಹುಡುಕುತ್ತಿದ್ದರು.

ಒಂದು ವರ್ಷ ಅವಳ ಅತ್ತೆಗೆ ಜ್ವರ ಬಂತು. ಜ್ವರದ ಬೆನ್ನಿಗೇ ಮಂಡಿ ಊದಿಕೊಂಡಿತು. ಬಟ್ಟೆ ಬದಲಿಸಲು ಹೋದ ಸೊಸೆಗೆ ಅವರ ಮಂಡಿಯ ಹಿಂದೆ ಅಂಗೈಯಗಲದ ಕೆಂಪು ಬಳೆಯಂಥ ಕಲೆ ಕಂಡಿತು. ರೋಗಾಣುವಿರುವ ಉಣ್ಣಿ ಕಚ್ಚಿದರೆ ಹೀಗೇ ಆಗುತ್ತದೆಂದು ಅವಳಿಗೆ ಗೊತ್ತಿತ್ತು.

"ಇದು ಯಾವಾಗಿಂದ ಇದೆ ಅತ್ತೆ?"

"ಏನೋ ಕಚ್ಚಿರಬೇಕು. ಅದನ್ನೆಲ್ಲ ಯಾರಿಗೆ ಬಿಚ್ಚಿ ತೋರಿಸ್ಲಿ?"

ಬಾಗಿಲ ಹಿಂದೆ ನೇತುಹಾಕಿದ ತನ್ನ ಕೆಲಸದ ಅಂಗಿಯತ್ತ ಅವಳ ಕಣ್ಣು ಹೋಯಿತು. ಅದರ ಕೆಳಗೇ ಅತ್ತೆಯ ಹಾಸಿಗೆ. ಕೊರಳಪಟ್ಟಿ, ಜೇಬು, ಹೊಲಿಗೆ ಎಲ್ಲವನ್ನೂ ತಿರುವಿಹಾಕಿ ನೋಡಿದಳು. ಏನೂ ಸಿಗಲಿಲ್ಲ. ಸಿಗದ್ದಕ್ಕೆ ಸಮಾಧಾನವೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಲೆ ನೋಡಿ, "ಕಾಡಿನ ಕಡೆ ಹೋಗಿದ್ರಾ?" ಎಂದು ಕೇಳಿದರು.

"ಅಂಗಳ ದಾಟಿದೋಳಲ್ಲ ನಾನು," ಎಂದರು ಅತ್ತೆ.

ಬಲೆಯಕ್ಕ ಮೇಜಿನ ಹತ್ತಿರಕ್ಕೆ ಬಂದಳು. "ನಾನು ಹೋಗ್ತೀನಿ ಡಾಕ್ಟ್ರೇ. ಹಕ್ಕಿ ಮೈಯಿಂದ ಉಣ್ಣಿ ತೆಗೆಯೋ ಕೆಲಸ. ನಾನೇ ತಂದಿರಬಹುದು."

ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿ, ಅದರ ಫಲಿತಾಂಶಕ್ಕೂ ಕಾಯದೆ ಮಾತ್ರೆ ಶುರು ಮಾಡಿದರು. ಮನೆಯಲ್ಲಿ ಗಂಡ ಊಟದ ತಟ್ಟೆಯ ಮುಂದೆ, "ಆ ಕೆಲಸ ಬಿಟ್ಬಿಡು," ಎಂದ.

ಪರೀಕ್ಷೆಯಲ್ಲಿ ಉಣ್ಣಿಯಿಂದ ಬರುವ ರೋಗವೇ ಎಂದು ಖಚಿತವಾಯಿತು. ಅವಳು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳತಿಯ ಮುಂದೆ ಹೋಗಿ ನಿಂತಳು.

"ನಿನ್ನ ಸೀಸೆಯ ಉಣ್ಣಿಗಳಲ್ಲೂ ಅದೇ ರೋಗಾಣು ಇದೆ," ಎಂದಳು ಗೆಳತಿ. "ಆದ್ರೆ ನಿನ್ನಿಂದ್ಲೇ ಬಂತು ಅಂತ ಹೇಳೋಕಾಗಲ್ಲ. ನಿಮ್ಮ ಅಂಗಳಕ್ಕೆ ಹಕ್ಕಿ ಬರಲ್ವಾ?"

ಬರುತ್ತಿದ್ದವು. ದಿನಾ ಬೇಲಿಯ ಬುಡದಲ್ಲಿ ಕೂತು ಕಾಳು ಎರಚುತ್ತಿದ್ದವರು ಅತ್ತೆಯೇ. ಹಕ್ಕಿಯಿಂದ ಉದುರಿದ ಉಣ್ಣಿ ಅಲ್ಲಿನ ಹುಲ್ಲಿನಲ್ಲೇ ಬೆಳೆದು, ಕಾದು ಕೂತಿದ್ದಿರಬಹುದು. ಇರಬಹುದು, ಇಲ್ಲದಿರಬಹುದು. ಆ ಅನುಮಾನವೇ ಅವಳನ್ನು ಹಿಂಡಿತು.

ಜ್ವರ ಇಳಿಯಿತು. ಮಂಡಿಯ ನೋವು ಮಾತ್ರ ಪೂರ್ತಿ ಹೋಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಮಗನನ್ನು ಕರೆದು, "ಅವಳು ಕೆಲಸ ಬಿಟ್ರೆ ಹಕ್ಕಿಗಳು ಹಾರೋದು ಬಿಡ್ತಾವೇನೋ? ಸುಮ್ನಿರು," ಎಂದರು. ಗಂಡ ಬೇಲಿಯ ಬುಡದ ಹುಲ್ಲನ್ನೆಲ್ಲ ಕೊಯ್ದು ಹಾಕಿದ.

ಈಗ ಅವಳು ಹಿತ್ತಲಲ್ಲೇ ಬಟ್ಟೆ ಬದಲಿಸಿ, ಮೈ ತೊಳೆದು ಒಳಬರುತ್ತಾಳೆ. ಸಂಜೆ ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡುತ್ತಾಳೆ. ಕಪ್ಪು ಚುಕ್ಕೆಯೊಂದು ಕಂಡರೂ ದೀಪವನ್ನು ಇನ್ನೂ ಹತ್ತಿರ ತರುತ್ತಾಳೆ.

"ಅದು ಮಚ್ಚೆ ಕಣೆ, ಹುಟ್ಟಿದಾಗಿಂದ ಇದೆ," ಎನ್ನುತ್ತಾರೆ ಅತ್ತೆ.

ಗೊತ್ತಿದ್ದೂ ಅವಳು ಉಗುರಿನಿಂದ ಮೆಲ್ಲಗೆ ಕೆರೆದು ನೋಡುತ್ತಾಳೆ.