ಒಣ ಕಾಲುವೆಯಲ್ಲಿ ಹರಿದುಹೋದ ಮಚ್ಚು

ಹನುಮನಹಳ್ಳಿ ಹತ್ತಿರ ಎಳನೀರು ಕುಡಿಯೋಣವೆಂದು ಗಾಡಿ ನಿಲ್ಲಿಸಿದೆ. ಮಾರುತ್ತಿದ್ದವನು ಕೈಯಲ್ಲಿದ್ದ ಮಚ್ಚು ಕೆಳಗಿಟ್ಟು, "ವಕೀಲ ಸಾಹೇಬ್ರ, ಆರಾಮ ಅದೀರೇನ್ರಿ?" ಅಂದ. ದಪ್ಪ ಮೀಸೆ ಬಂದಿದ್ದರೂ ಯಮನೂರನ ಗುರುತು ಹತ್ತಿತು.

ಹದಿನೇಳರ ವಯಸ್ಸಿನಲ್ಲಿ ಇವನ ಮೇಲೆ ಕೊಲೆ ಆರೋಪ ಬಂದಿತ್ತು. ಇವನ ಪರವಾಗಿ ಕೇಸು ನಡೆಸಿದವನು ನಾನು. 'ಕೊಂದವನು ನಾನೇ, ಮಚ್ಚನ್ನು ಕಾಲುವೆಗೆ ಎಸೆದೆ, ನೀರಿನ ಸೆಳವಿಗೆ ಅದು ಹರಿದುಹೋಯಿತು' ಎಂದು ಠಾಣೆಯಲ್ಲಿ ಹುಡುಗನನ್ನು ಹೆದರಿಸಿ ಹೇಳಿಸಿದ್ದರು. ಹೇಳಿಕೆ ಬರೆಸಿಕೊಂಡ ಅಧಿಕಾರಿ ಬೇರೆ ಸೀಮೆಯಿಂದ ಹೊಸದಾಗಿ ಬಂದಿದ್ದರು. ಅದು ಬೇಸಿಗೆ. ಕಾಲುವೆಗೆ ನೀರು ಬಂದ್ ಆಗಿ, ಊರ ಹುಡುಗರು ಅದರೊಳಗೇ ಕ್ರಿಕೆಟ್ ಆಡುತ್ತಿದ್ದರು. ಕೋರ್ಟಿನಲ್ಲಿ ನಾನು ಸೆಳವಿನ ಆ ಒಂದು ಮಾತು ಹಿಡಿದು ಜಗ್ಗಿದೆ, ಇಡೀ ಹೇಳಿಕೆ ಬಿದ್ದುಹೋಯಿತು. ಹುಡುಗ ಬಿಡುಗಡೆಯಾದ. ನನ್ನ ಚುರುಕುತನದ ಕಥೆಯೆಂದು ಇದನ್ನು ನಾನು ಹೇಳದ ಮನೆಯಿಲ್ಲ.

ಎಳನೀರು ಹೀರುತ್ತ ಕೇಳಿದೆ. "ಅವತ್ತ ಅಂಜಿಕಿಗೆ ಕಾಲುವ್ಯಾಗ ನೀರಿಲ್ಲ ಅನ್ನೂದ ಮರತಿದ್ಯೇನಪಾ?"

"ಇಲ್ರಿ," ಅಂದ ಯಮನೂರ. "ಹಿಂದಿನ ದಿನ ನಾನೂ ಅದರಾಗ ಆಡಿದ್ದೆ. ಏನರ ಒಂದು ಹೇಳೂತನಕ ಅವರು ಬಿಡ್ತಿರಲಿಲ್ಲ. ನಮ್ಮ ಕಡಿಯವರು ಯಾರರ ಓದಿದ್ರ ಸುಳ್ಳಂತ ತಿಳೀಲಿ ಅಂತ ಹಂಗ ಹೇಳಿದ್ನಿರಿ."

ಅವನು ನಗುತ್ತ ಇನ್ನೊಂದು ಕಾಯಿ ಕೆತ್ತಿದ. "ರೊಕ್ಕ ಬ್ಯಾಡ್ರಿ ಸಾಹೇಬ್ರ, ನನ್ನ ಕೇಸ್ ಗೆದ್ದು ಕೊಟ್ಟೀರಿ."

ಗೆದ್ದವರು ಯಾರೆಂದು ಈಗ ಇಬ್ಬರಿಗೂ ಗೊತ್ತಿತ್ತು. ಆದರೂ ಎರಡನೆಯದನ್ನೂ ಕುಡಿದೇ ಗಾಡಿ ಹತ್ತಿದೆ.