ಹೆಜ್ಜೇನು ಎದ್ದ ತೋಪಿನಲ್ಲಿ

ಬಂಗಾರಪೇಟೆಯಲ್ಲಿ ರೈಲು ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮದುವೆಯಾಗಿ ಮಂಡ್ಯಕ್ಕೆ ಹೋದ ಮೇಲೆ ಅಕ್ಕ ಯಶೋದಳ ಊರಿಗೆ ನಾನು ಬರುವುದೇ ಅಪರೂಪ. ನಿಲ್ದಾಣದ ಹೊರಗೆ ಇಡ್ಲಿ ತಿಂದು, ಬಸ್ಸಿನಲ್ಲಿ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದು ಕ್ಯಾಸಂಬಳ್ಳಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ರಾಗಿ ಕೊಯ್ದ ಹೊಲಗಳು, ನಡುನಡುವೆ ನೀಲಗಿರಿ ತೋಪುಗಳು.

ಆ ತೋಪುಗಳಲ್ಲೇ ಅಕ್ಕನಿಗೆ ಕೂಲಿ. ಗಂಡಸರು ಮರ ಉರುಳಿಸುತ್ತಾರೆ, ಹೆಂಗಸರು ತೊಗಟೆ ಸುಲಿದು ರಾಶಿ ಹಾಕುತ್ತಾರೆ. "ಮನೇಲಿ ಒಬ್ಳೇ ಏನ್ ಮಾಡ್ತೀಯಾ, ನೀನೂ ಬಾ" ಎಂದು ಮರುದಿನ ನನ್ನನ್ನೂ ಹೊರಡಿಸಿದಳು. ಜೊತೆಗೆ ಸೆಲ್ವಿ ಇದ್ದಳು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಹಳೇ ಗಣಿ ಕಾರ್ಮಿಕರೊಬ್ಬರ ಮಗಳು; ದಿನವೂ ಬಸ್ಸಿನಲ್ಲಿ ಬಂದು ಅಕ್ಕನ ಜೋಡಿಯಾಗಿ ದುಡಿಯುವವಳು.

ರಾಶಿಗೆ ಕೈ ಹಾಕುವ ಮೊದಲು ಇಬ್ಬರೂ ಕೋಲಿನಿಂದ ನೆಲ ಬಡಿಯುತ್ತಿದ್ದರು. ಒಮ್ಮೆ ಒಳಗಿನಿಂದ ಬುಸುಗುಟ್ಟುವ ಸದ್ದು ಬಂತು. ಕೊಳಕುಮಂಡಲ. ನಾನು ಹಿಂದಕ್ಕೆ ಜಿಗಿಯಹೋದೆ.

"ಅಲ್ಲಾಡ್ಬೇಡ. ಅದ್ರ ಪಾಡಿಗೆ ಅದು ಓಗುತ್ತೆ" ಎಂದಳು ಅಕ್ಕ. ಹಾವು ನಿಧಾನವಾಗಿ ಪೊದೆಯೊಳಗೆ ಸರಿಯಿತು.

ಸೆಲ್ವಿ ಊದಿದ ತನ್ನ ಮಣಿಕಟ್ಟು ತೋರಿಸಿ ನಕ್ಕಳು. "ಪಾಂಬು ದಾರಿ ಬಿಟ್ರೆ ಓಗ್ಬಿಡುತ್ತೆ ಅಕ್ಕಾ. ಕಡಜಕ್ಕೆ ಆ ಮರ್ಯಾದೆ ಇಲ್ಲ."

ಊಟ ಮುಗಿಸಿ ಮತ್ತೆ ಕೆಲಸಕ್ಕೆ ಇಳಿದಿದ್ದೆವು. ಉರುಳುತ್ತಿದ್ದ ಮರವೊಂದು ಪಕ್ಕಕ್ಕೆ ತಿರುಗಿ, ಅಂಚಿನಲ್ಲಿದ್ದ ಆಲದ ಕೊಂಬೆಗೆ ಬಡಿಯಿತು. ಅಲ್ಲಿ ಹೆಜ್ಜೇನು ಕಟ್ಟಿತ್ತು. "ಓಡ್ರೀ!" ಎಂದು ಯಾರೋ ಕೂಗಿದರು. ಸೆರಗು ಮುಖಕ್ಕೆ ಸುತ್ತಿಕೊಂಡು ರಸ್ತೆಯವರೆಗೆ ಓಡಿ ತಿರುಗಿ ನೋಡಿದರೆ, ಕಡಿದ ಕೊಂಬೆಗಳ ನಡುವೆ ಅಕ್ಕ ಎಡವಿ ಬಿದ್ದಿದ್ದಳು. ನನ್ನ ಪಕ್ಕದಲ್ಲೇ ಓಡಿ ಬಂದಿದ್ದ ಸೆಲ್ವಿ ವಾಪಸ್ ಓಡಿದಳು. ರಾಶಿಯ ಬಳಿ ಬಿದ್ದಿದ್ದ ಗೋಣಿಚೀಲವೊಂದನ್ನು ಅಕ್ಕನ ಮೇಲೆ ಹೊದಿಸಿ, ಅದರ ಮೇಲೆ ತಾನೇ ಕವುಚಿ ಬಿದ್ದಳು. "ಅಕ್ಕಾ, ಏಳ್ಬೇಡ! ಮುಖ ಕೆಳಗೆ ಇಡು!" ಎನ್ನುವುದು ನಮಗೂ ಕೇಳಿಸಿತು. ಹೋಗಲು ನುಗ್ಗಿದ ನನ್ನನ್ನು ಗಂಡಸರು ಹಿಡಿದುಕೊಂಡರು. ಒಣ ಎಲೆಗೆ ಬೆಂಕಿ ಹಚ್ಚಿ, ಹೊಗೆ ದಟ್ಟವಾದ ಮೇಲೆಯೇ ಹತ್ತಿರ ಹೋಗಲಾದದ್ದು.

ಗೂಡ್ಸ್ ಆಟೋದಲ್ಲಿ ಕೆಜಿಎಫ್ ಆಸ್ಪತ್ರೆಗೆ ಹೋಗುವಾಗ ಸೆಲ್ವಿಯ ಮುಖ ಗುರುತೇ ಸಿಗದಷ್ಟು ಊದಿತ್ತು. "ಯಶೋದಕ್ಕ ಎಲ್ಲಿ?" ಎಂದಳು. "ಇಲ್ಲೇ ಇದೀನಿ ಕಣೇ, ನಿನ್ ಪಕ್ಕದಲ್ಲೇ" ಎಂದು ಅಕ್ಕ ಅವಳ ಕೈ ಹಿಡಿದಳು. ಆಮೇಲೆ ಸೆಲ್ವಿ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ತೀರಿಕೊಂಡಳು.

ಮಣ್ಣಾದ ಮೂರನೆಯ ದಿನ ಅಕ್ಕನನ್ನು ಕರೆದುಕೊಂಡು ಚಾಂಪಿಯನ್ ರೀಫ್ಸ್‌ಗೆ ಹೋದೆ. ಗಣಿಯವರ ಸಾಲುಮನೆಗಳಲ್ಲೊಂದರ ಹೊಸ್ತಿಲಲ್ಲಿ ಸೆಲ್ವಿಯ ತಾಯಿ ಕೂತಿದ್ದರು. ಅಕ್ಕ ಅಂಗಳದಲ್ಲೇ ನಿಂತುಬಿಟ್ಟಳು.

"ಸೆಲ್ವಿ ನಿನ್ ಮೇಲೇನಾಮ್ಮಾ ಬಿದ್ದಿದ್ದು?" ಎಂದು ಕೇಳಿದರು.

"ಊಂ, ಅಮ್ಮಾ."

"ಇಲ್ಲಿ ಬಾ."

ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಕುತ್ತಿಗೆ ನೋಡಿದರು. ಕಿವಿಯ ಹಿಂದೆ ಹೆಜ್ಜೇನಿನ ಒಂದು ಮುಳ್ಳು ಉಳಿದಿತ್ತು. ಆಸ್ಪತ್ರೆಯಲ್ಲೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದು ಅದನ್ನು ತೆಗೆದರು.

"ನೋವಾಯ್ತಾಮ್ಮಾ?"

ಅಲ್ಲಿಯವರೆಗೆ ಅಳದಿದ್ದ ಅಕ್ಕ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಸಂಜೆ ಬಂಗಾರಪೇಟೆಯಲ್ಲಿ ನಾನು ಮಂಡ್ಯದ ರೈಲು ಹತ್ತಿದೆ. ಅಕ್ಕ ಆ ಮನೆಯಲ್ಲೇ ಉಳಿದಳು.